ಕೊಸರಿನ ಮದಲೇನಮ್ಮ

ಅಜ್ಜಿಯರ ಅಜ್ಜಿಯರೂ ಇನ್ನೂ ಲಂಗ ಉಟ್ಟು ಓಡಾಡುತ್ತಿದ್ದ ಕಾಲ. ಆಗ ಹೊಳೆಯ ದಡದಲ್ಲಿ ಒಂದು ಊರಿತ್ತಂತೆ. ಊರೆಂದರೆ ಎಷ್ಟು, ಒಂದು ಕೊಪ್ಪಲು, ಒಂದು ಪುಟ್ಟ ಚರ್ಚು, ಚರ್ಚಿನ ಹಿಂದೆ ಒಂದು ಪುರಿಭಟ್ಟಿ. ಆ ಭಟ್ಟಿಯಲ್ಲಿ ಮದಲೇನಮ್ಮ ಅನ್ನುವ ಹೆಂಗಸು ಪುರಿ ಹುರಿಯುತ್ತಿದ್ದಳಂತೆ.

ಹುರಿಯುತ್ತಿದ್ದಳು ಅಂದರೆ ಹಾಗೆ ಹೀಗಲ್ಲ. ಕಾದ ಮರಳಿಗೆ ಅಕ್ಕಿ ಸುರಿದು ಮಾತೆ ಮರಿಯಮ್ಮನ ಜಪ ಶುರು ಮಾಡಿದರೆ, ಆಮೆನ್ ಅನ್ನುವ ಹೊತ್ತಿಗೆ ಬಾಣಲೆ ತುಂಬ ಮಲ್ಲಿಗೆ ಅರಳಿದ ಹಾಗೆ ಪುರಿ ಅರಳಿರುತ್ತಿತ್ತಂತೆ. ಒಂದು ಕಾಳೂ ಸೀಯುತ್ತಿರಲಿಲ್ಲವಂತೆ. ಅವಳ ಜಪದ ಸದ್ದು, ಅಕ್ಕಿ ಸಿಡಿಯುವ ಸದ್ದು ಎರಡೂ ಕಲೆತು ಹೊಳೆ ದಾಟಿ ಹೋಗುತ್ತಿತ್ತಂತೆ. ಆಚೆ ದಡದ ಎತ್ತುಗಳು ಉಳುವುದು ಬಿಟ್ಟು ಕಿವಿ ನಿಮಿರಿಸಿ ನಿಲ್ಲುತ್ತಿದ್ದವಂತೆ.

ಬೆಳಗ್ಗೆ ಜ್ಞಾನೋಪದೇಶ ಮುಗಿಯಿತೋ, ಕೊಪ್ಪಲಿನ ಮಕ್ಕಳೆಲ್ಲ ಭಟ್ಟಿಗೆ ಓಡುವರು. ಒಬ್ಬರು ಒಲೆಗೆ ಹೊಟ್ಟು ತಳ್ಳುವುದು, ಒಬ್ಬರು ಜರಡಿ ಹಿಡಿಯುವುದು, ಒಬ್ಬರು ಕೊಳ್ಳುವವರಿಗೆ ಅಳೆದು ಕೊಡುವುದು. ಮಾಡಿದ ಕೆಲಸಕ್ಕೆ ತಕ್ಕ ಪುರಿ ಪ್ರತಿ ಮಗುವಿನ ಕುಡಿಕೆಗೆ ಬೀಳುವುದು. ಕುಡಿಕೆಯಲ್ಲಿದ್ದದ್ದು ಮಗುವಿನದು. ತಿನ್ನಲಿ, ಮನೆಗೆ ಒಯ್ಯಲಿ, ಮದಲೇನಮ್ಮ ಕೇಳುತ್ತಿರಲಿಲ್ಲ.

ಕೊಸರು ಗೊತ್ತಲ್ಲ, ಅಳೆದಾದ ಮೇಲೆ ಮೇಲಿಂದ ಒಂದು ಹಿಡಿ ಹಾಕುವುದು. ಎಲ್ಲ ಕಡೆ ಅದನ್ನು ಮಾರುವ ಗುಡ್ಡೆಯಿಂದ ತೆಗೆದು ಹಾಕುತ್ತಾರೆ. ಮದಲೇನಮ್ಮನ ಭಟ್ಟಿಯಲ್ಲಿ ಮಾತ್ರ, ಯಾವ ಮಗು ಅಳೆಯುತ್ತೋ ಅದು ತನ್ನ ಕುಡಿಕೆಯಿಂದ ಹಾಕಬೇಕು. ಮನಸ್ಸಿದ್ದರೆ ಹಾಕಬೇಕು, ಇಲ್ಲದಿದ್ದರೆ ಇಲ್ಲ.

“ಅಷ್ಟು ದೊಡ್ಡ ಗುಡ್ಡೆ ಇದೆಯಲ್ಲವ್ವಾ, ಅದರಿಂದಲೇ ಹಾಕಿದರೆ ಏನು?” ಅಂತ ಮಕ್ಕಳು ಕೇಳುವರು.

“ಗುಡ್ಡೆ ನನ್ನದು. ನನ್ನದನ್ನ ಎತ್ತಿ ನೀನು ದಾನ ಮಾಡ್ತೀಯಾ, ಜಾಣೆ?” ಅನ್ನುವಳಂತೆ. “ಸೇರು ತುಂಬ ಅಳೆದು ಕೊಟ್ಟರೆ ಅದು ಕೊಟ್ಟಂಗಲ್ಲ ಕಣವ್ವ, ಅದು ಅವರದ್ದೇ. ಕೊಡೋದು ಅಂದ್ರೆ ಕೊಸರು. ಸ್ವಾಮಿ ಶಿಲುಬೆ ಮೇಲೆ ಯಾರ ಗುಡ್ಡೆಯಿಂದ ಕೊಟ್ಟರು? ತಮ್ಮ ಮೈಯಿಂದಲೇ ಕೊಟ್ಟರು.”

ಆ ಮಕ್ಕಳಲ್ಲಿ ತುದಿಮನೆಯ ಸಿಸಿಲಿ ಒಬ್ಬಳು. ಅವಳಿಗೆ ಕೊಡುವ ಆಸೆ ಬಹಳ. ಕೊಟ್ಟಾಗ ಜನ ತಲೆ ಸವರಿ ಹೊಗಳುವರಲ್ಲ, ಅದರ ಆಸೆ ಇನ್ನೂ ಬಹಳ. ಆದರೆ ಮನೆಯಲ್ಲಿ ಪುಟ್ಟ ತಂಗಿಯರು ಕಾಯುತ್ತಿದ್ದರು. ಕುಡಿಕೆಯಿಂದ ಹಿಡಿ ತೆಗೆದಾಗೆಲ್ಲ ಅವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಒಂದು ದಿನ ಅಳೆಯುವಾಗ ಅವಳ ಹೆಬ್ಬೆರಳು ಸೇರಿನೊಳಗೆ ಜಾರಿತು. ನೋಡಿದಳು. ಬೆರಳು ಒಳಗಿದ್ದರೂ ಸೇರು ತುಂಬಿದ ಹಾಗೇ ಕಾಣುತ್ತಿತ್ತು. ಬೆರಳಿನಷ್ಟು ಉಳಿದ ಪುರಿಯನ್ನು ಮೆಲ್ಲಗೆ ಕುಡಿಕೆಗೆ ಹಾಕಿಕೊಂಡಳು. ಅದರಿಂದಲೇ ಕೊಸರು ಹಾಕಿದಳು, ಧಾರಾಳವಾಗಿ.

ಆಮೇಲೆ ಅದೇ ಅಭ್ಯಾಸವಾಯಿತು. ಸಿಸಿಲಿಯದು ದೊಡ್ಡ ಕೈ ಅಂತ ಊರೆಲ್ಲ ಹೊಗಳಿತಂತೆ. ತಮ್ಮ ಪುರಿಯನ್ನೇ ತಮಗೆ ಕೊಟ್ಟವಳ ತಲೆ ಸವರಿ ಹೋದರಂತೆ ಜನ. ಸಿಸಿಲಿಗೆ ಅದು ಕಳ್ಳತನ ಅನ್ನಿಸಲೇ ಇಲ್ಲ. ಹೇಗಿದ್ದರೂ ಕೊಡುತ್ತಲೇ ಇದ್ದೀನಲ್ಲ ಅಂದುಕೊಂಡಳು.

ಸಂತೆಯ ದಿನ ಬಂತು. ಮದಲೇನಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ಸೇರನ್ನು ಫಳಫಳ ಬೆಳಗಿದ್ದಳು. ಸಿಸಿಲಿ ಒಲೆಗೆ ಹೊಟ್ಟು ತಳ್ಳಿ, ಮಸಿಗೈ ಒರೆಸಿಕೊಳ್ಳದೆ ಬಂದು ಅಳೆಯಲು ಕೂತಳು. ಆಚೆ ದಡದ ಗಾಡಿ ಬೋರಯ್ಯ ಪುರಿ ಚೀಲಕ್ಕೆ ಸುರಿದುಕೊಂಡು, ಸೇರನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದ.

“ಏನವ್ವ ಮದಲೇನಮ್ಮ, ನಿನ್ನ ಸೇರಿಗೆ ದೃಷ್ಟಿಬೊಟ್ಟು ಇಟ್ಟಿದ್ದೀಯಾ?” ಅಂದ.

ಜನ ನಕ್ಕರು. ನಗುತ್ತಲೇ ಇಣುಕಿದರು. ಒಳಗೆ, ಕಂಠದ ಕೆಳಗೆ, ಒಂದು ಹೆಬ್ಬೆರಳಿನ ಕಪ್ಪು ಗುರುತು. ನಗು ನಿಂತಿತು.

ಸಿಸಿಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ಮದಲೇನಮ್ಮ ಆ ಗುರುತನ್ನು ನೋಡಿದಳು. ಮಕ್ಕಳ ಕಡೆ ಮಾತ್ರ ತಿರುಗಲಿಲ್ಲವಂತೆ.

“ಸೇರು ನಂದು ಬೋರಯ್ಯ,” ಅಂದಳು. “ಎಷ್ಟು ಕಡಿಮೆ ಬಿದ್ದಿದೆಯೋ, ಮನೆಮನೆಗೆ ಬಂದು ತುಂಬಿಕೊಡ್ತೀನಿ.”

“ಅದು ಎಳೇ ಬೆರಳು. ಯಾವ ಮಗೂದು ಅಂತ ಹೇಳಿಬಿಡು, ಸಾಕು.”

“ಸೇರು ನಂದು ಅಂದೆನಲ್ಲಪ್ಪ.”

ಅವತ್ತಿಂದ ಭಟ್ಟಿಯ ಮುಂದೆ ಯಾರೂ ನಿಲ್ಲಲಿಲ್ಲವಂತೆ. ಆದರೂ ಮದಲೇನಮ್ಮ ಒಲೆ ಹಚ್ಚಿದಳು. ಹುರಿದದ್ದನ್ನೆಲ್ಲ ಚೀಲಕ್ಕೆ ತುಂಬಿ ತಲೆಯ ಮೇಲೆ ಹೊತ್ತಳು. ಸೇರು ಹಿಡಿದು ಹಿಂದೆ ನಡೆಯುವ ಸರದಿ ಸಿಸಿಲಿಯದು. ಮನೆಮನೆಗೂ ಹೋದರು. ಪ್ರತಿ ಬಾಗಿಲಲ್ಲೂ ಮದಲೇನಮ್ಮ ಸೇರು ತುಂಬ ಅಳೆದು, ಮೇಲೆ ಕೊಸರು ಹಾಕಿ ಕೊಟ್ಟಳು. ಕೆಲವರು ತಗೊಂಡರು. ಕೆಲವರು ತಗೊಂಡು, ಕಳ್ಳಿ ಅಂದರು. ಮದಲೇನಮ್ಮ ಸುಮ್ಮನೆ ಮುಂದಿನ ಮನೆಗೆ ನಡೆದಳು. ಸಿಸಿಲಿಯ ಹೆಬ್ಬೆರಳು ಮಾತ್ರ ಕೆಂಡ ಮುಟ್ಟಿದ ಹಾಗೆ ಉರಿಯುತ್ತಿತ್ತಂತೆ.

ಒಂದು ಬೆಳಗ್ಗೆ ಸಿಸಿಲಿ ಭಟ್ಟಿಯ ಮೂಲೆಯಲ್ಲಿದ್ದ ಗುಡಾಣದೊಳಗೆ ನೋಡಿದಳು. ಮಳೆಗಾಲಕ್ಕೆಂದು ಮದಲೇನಮ್ಮ ಕೂಡಿಟ್ಟಿದ್ದ ಊಟದ ಅಕ್ಕಿ ಅದು. ತಳ ಕಾಣುತ್ತಿತ್ತು. ಮನೆಮನೆಗೆ ಹೋಗಿದ್ದು ಆ ಅಕ್ಕಿಯ ಪುರಿಯೇ. ಅವ್ವ ಬರೀ ಗಂಜಿನೀರು ಕುಡಿದು ಊರು ಸುತ್ತುತ್ತಿದ್ದಾಳೆ ಅಂತ ಅವಳಿಗೆ ಆಗ ತಿಳಿಯಿತು.

ಅವತ್ತು ಉಳಿದಿದ್ದದ್ದು ಬೋರಯ್ಯನ ಮನೆಯೊಂದೇ. ಸಿಸಿಲಿ ತನ್ನ ಕುಡಿಕೆಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಹರಿಗೋಲಿನಲ್ಲಿ ಹೊಳೆ ದಾಟಿ ಹೋದಾಗ ಚೀಲದ ತಳದಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲವಂತೆ. ಬೋರಯ್ಯ ಜಗಲಿಯಿಂದ ಏಳದೆ, ಕಳ್ಳಿಯ ಪುರಿ ಒಳಗೆ ತಗೋಬೇಡ ಅಂತ ಹೆಂಡತಿಗೆ ಕೂಗಿ ಹೇಳಿದ.

ಸಿಸಿಲಿಯ ಕಾಲು ತಾನೇ ಮುಂದೆ ಬಂತು.

“ಅವ್ವ ಕಳ್ಳಿ ಅಲ್ಲ ತಾತ. ಆ ಬೊಟ್ಟು ನಂದು,” ಅಂದಳು. ಸೇರನ್ನು ಚಾಚಿ, ಗುರುತಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದಳು. ಅಚ್ಚು ಹೊಯ್ದ ಹಾಗೆ ಕೂತಿತು.

ಮದಲೇನಮ್ಮ ಚೀಲ ಕೆಳಗಿಟ್ಟು, “ಈಗ ಅಳೆ,” ಅಂದಳಂತೆ.

ಸಿಸಿಲಿ ಹೆಬ್ಬೆರಳನ್ನು ಆಕಾಶಕ್ಕೆ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಆ ಖಾಲಿ ಚೀಲಕ್ಕೆ ಸೇರು ಹಾಕಿದಳು. ಸೇರು ತುಂಬಿ ಬಂತಂತೆ. ಆಮೇಲೆ ತನ್ನ ಕುಡಿಕೆ ತೆಗೆದಳು. ಬೆಳಗಿನಿಂದ ಜರಡಿ ಹಿಡಿದು ದುಡಿದ ಪುರಿ, ತಂಗಿಯರ ಪುರಿ. ಅದರಿಂದ ಒಂದು ಹಿಡಿ ಕೊಸರು ಹಾಕಿದಳು. ಅಷ್ಟೇ, ಸೇರಿನ ಮೇಲೆ ಪುರಿ ಗೋಪುರದ ಹಾಗೆ ಏರಿತಂತೆ, ಅಂಚಿನಿಂದ ಚೆಲ್ಲಿತಂತೆ, ಬೋರಯ್ಯನ ಜಗಲಿ ಬೆಳ್ಳಗಾಯಿತಂತೆ. ಅಕ್ಕಪಕ್ಕದವರು ಮೊರ ತಂದರು, ಮಂಕರಿ ತಂದರು. ತುಂಬಿಕೊಂಡಷ್ಟೂ ಇತ್ತಂತೆ. ಬೋರಯ್ಯ ಎದ್ದು ಬಂದು ತಾನೂ ಬೊಗಸೆ ಒಡ್ಡಿದನಂತೆ.

ಪವಾಡ ಅಂತ ಜನ ಕೈ ಮುಗಿದರೆ ಮದಲೇನಮ್ಮ, “ಪುರಿ ಹಗುರ ಕಣ್ರಪ್ಪ. ನಾನೇ ಅದುಮಿ ತುಂಬಿದ್ದೆ,” ಅಂದುಬಿಟ್ಟಳಂತೆ. ಯಾರೂ ನಂಬಲಿಲ್ಲ.

ವಾಪಸ್ ಬರುವಾಗ ಹರಿಗೋಲಿನಲ್ಲಿ ಸಿಸಿಲಿ ಮೆಲ್ಲಗೆ ಕೇಳಿದಳು. “ನಂದೇ ಅಂತ ನಿಂಗೆ ಗೊತ್ತಿತ್ತಾ ಅವ್ವಾ?”

“ನಿನ್ನ ಬೆರಳು ನಂಗೆ ಗೊತ್ತಿಲ್ವಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ಅದು ನಿನ್ನ ಕುಡಿಕೆಯಿಂದಲೇ ಬರಬೇಕಿತ್ತು,” ಅಂದಳಂತೆ ಮದಲೇನಮ್ಮ. ಹಾಗಂದು, ಸಿಸಿಲಿಯ ಮಸಿಬೆರಳನ್ನು ಹೊಳೆನೀರಲ್ಲಿ ಅದ್ದಿ ಸೆರಗಿನಿಂದ ಒರೆಸಿದಳಂತೆ.

ಮದಲೇನಮ್ಮ ಹೋಗಿ ಎಷ್ಟು ಕಾಲವಾಯಿತೋ ಹೇಳುವವರಿಲ್ಲ. ಆ ಊರಲ್ಲಿ ಈಗಲೂ ಏನೇ ಅಳೆದರೂ ಹೆಬ್ಬೆರಳನ್ನು ಮೇಲಕ್ಕೆತ್ತಿ ಅಳೆಯುತ್ತಾರೆ. ಹೊಸಬರು ನೋಡಿ ನಗುತ್ತಾರೆ. ಅಲ್ಲಿ ಕೊಸರು ಹಾಕಿ ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆಯೇ ಬೀಳುತ್ತದೆ. ಆ ಸೇರು ಚರ್ಚಿನ ಗೋಡೆಯ ಗೂಡಿನಲ್ಲಿದೆ. ಹಬ್ಬ ಬಂದಾಗಲೆಲ್ಲ ಹುಣಸೆಹಣ್ಣು ಹಾಕಿ ಬೆಳಗುತ್ತಾರೆ. ಹೊರಗೆ ಚಿನ್ನದ ಹಾಗೆ ಹೊಳೆಯುತ್ತದೆ, ಒಳಗಿನ ಬೊಟ್ಟು ಮಾತ್ರ ಹೋಗಿಲ್ಲ. ಬೆಳಗಿದ ಮೇಲೆ ಊರಿನ ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರೇ ಅದರೊಳಗೆ ಹೆಬ್ಬೆರಳಿಟ್ಟು ನೋಡುತ್ತಾರೆ. ಯಾವ ಮಗುವಿನ ಬೆರಳು ಆ ಗುರುತಿಗೆ ಸರಿಯಾಗಿ ಕೂರುತ್ತದೋ, ಆ ಮಗುವಿನ ಕೈಗೆ ಅವತ್ತು ಅಳೆಯಲು ಸೇರು ಕೊಡುತ್ತಾರೆ. ಜೊತೆಗೆ, ದುಡಿದು ತುಂಬಿಕೊಳ್ಳಲು ಒಂದು ಖಾಲಿ ಕುಡಿಕೆ.