ತೊಗರಿಯ ಧಾರಣೆ ಮೊದಲು ಯಾರು ಬರೆಯಬೇಕು?

ತೊಗರಿ ಮಾರುಕಟ್ಟೆಯ ಕಚೇರಿಯಲ್ಲಿ ಭೀಮಶಾ ಎಂಬ ಗುಮಾಸ್ತನಿದ್ದ. ಒಂದು ದಿನ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದು ಮೇಜು ಗುದ್ದಿದರು.

“ಬರುವ ವರ್ಷ ತೊಗರಿ ಧಾರಣೆ ಎಷ್ಟಿರುತ್ತೆ? ದಿಲ್ಲಿಗೆ ಕಳಿಸಬೇಕು. ಸಂಜೆಯೊಳಗೆ ಒಂದೇ ಅಂಕಿ ಬರೆದು ಸಹಿ ಹಾಕು. ತಪ್ಪಾದರೆ ನಿನ್ನ ನೌಕರಿ ಹೋಯಿತು ಅಂತ ತಿಳಿ!”

ಹೊರದೇಶದ ತೊಗರಿ ಬೇಡ ಎಂದು ಹೋದ ತಿಂಗಳು ದಿಲ್ಲಿಯಿಂದ ಆದೇಶ ಬಂದಿತ್ತು. ಈ ತಿಂಗಳು, ಬರಲಿ ಎಂದು ಇನ್ನೊಂದು ಆದೇಶ ಬಂದಿತ್ತು. ಮಧ್ಯಾಹ್ನದವರೆಗೆ ಯೋಚಿಸಿ ಭೀಮಶಾ ಒಂದು ಹಾಳೆ ಬರೆದು ಸಾಹೇಬರ ಮುಂದಿಟ್ಟ.

“ಹೊರಗಿನ ತೊಗರಿ ಬಂದರೆ ಧಾರಣೆ ಇಳಿಯುತ್ತದೆ, ಬಾರದಿದ್ದರೆ ಏರುತ್ತದೆ. ಬರುವ ವರ್ಷ ದಿಲ್ಲಿಯವರು ತರಿಸುತ್ತಾರೋ ಇಲ್ಲವೋ ಎಂದು ಸಾಹೇಬರು ಬರೆದು ಸಹಿ ಹಾಕಿದ ಕೂಡಲೇ ಅಂಕಿ ಬರೆಯುತ್ತೇನೆ.”

ಸಾಹೇಬರು ಪೆನ್ನು ತೆಗೆದರು, ಮತ್ತೆ ಮುಚ್ಚಿದರು. “ಅದು ನನಗೇನು ಗೊತ್ತು? ಧಾರಣೆ ಎಷ್ಟಾಗುತ್ತೆ ಅಂತ ನೋಡಿಯೇ ದಿಲ್ಲಿಯವರು ಅದನ್ನ ತೀರ್ಮಾನ ಮಾಡೋದು!”

“ಹಂಗಾದ್ರ ಮೊದಲು ಯಾರು ಬರೀಬೇಕ್ರಿ ಸಾಹೇಬ್ರ?”

ಸಾಹೇಬರು ಹಾಳೆ ಮಡಚಿ ಜೇಬಿಗಿಟ್ಟು ಎದ್ದರು. ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿದರು. “ಅಲ್ಲಪ್ಪಾ, ನಮ್ಮ ಹೊಲದ್ದೂ ಹತ್ತು ಚೀಲ ತೊಗರಿ ಮನೆಯಲ್ಲಿದೆ. ಮಾರಲೋ, ಇಟ್ಟುಕೊಳ್ಳಲೋ?”

“ಐದು ಮಾರ್ರಿ, ಐದು ಇಡ್ರಿ,” ಎಂದ ಭೀಮಶಾ. “ಧಾರಣಿ ಏರಲಿ, ಇಳೀಲಿ, ಅರ್ಧ ಶ್ಯಾಣ್ಯಾರಂತೂ ಆಗ್ತೀರಿ.”