ಅಂಬಿಗರ ಕಲ್ಲು ಮತ್ತು ಬೀರುವಿನ ಕನ್ನಡಿ

ಹೊಳೆಯ ದಂಡೆಯಲ್ಲಿ ಪಂಪಕ್ಕನ ಪಾಠಶಾಲೆ. ಶಾಲೆ ಅಂದರೆ ಒಂದು ಕಲ್ಲಿನ ಹಜಾರ, ಒಂದು ಅಂಗಳ, ನಾಲ್ಕು ಜನ ಶಿಷ್ಯರು. ಅಲ್ಲಿ ಕಲಿಸುವ ವಿದ್ಯೆ ಒಂದೇ, ಹಳೆಯ ಕಲ್ಲುಗಳ ಫೋಟೊ ತೆಗೆಯುವುದು.

ಎಲ್ಲಿ ಶಾಸನ ಸಿಕ್ಕಿದರೂ, ಎಲ್ಲಿ ವೀರಗಲ್ಲು ಎದ್ದರೂ ಜನ ಪಂಪಕ್ಕನನ್ನು ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಆಕೆಯ ಮಂಡಿ ಬಂಡೆ ಹತ್ತಲು ಒಪ್ಪಲಿಲ್ಲ. ಅಲ್ಲಿಂದ ಮುಂದೆ ಶಿಷ್ಯರು ಹೋಗತೊಡಗಿದರು.

ಹೊರಡುವ ಮುಂಚೆ ಒಂದು ಪದ್ಧತಿ ಇತ್ತು. ಶಿಷ್ಯ ತನ್ನ ಚೀಲದಲ್ಲಿ ಇದ್ದದ್ದನ್ನೆಲ್ಲ ಕಂಬಳಿಯ ಮೇಲೆ ಹರವಬೇಕು. ಪಂಪಕ್ಕ ಒಂದೊಂದನ್ನೂ ಮುಟ್ಟಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಇದು ಕಲ್ಲಿಗೆ ಬೇಕೋ, ನಿನಗ ಬೇಕೋ?”

ಶಿಷ್ಯ ಏನೇ ಹೇಳಲಿ, ಇದನ್ನು ಬಿಡು, ಅದನ್ನು ಒಯ್ಯಿ ಅಂತ ಅವರು ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಕೊಟ್ರೇಶಿ ಹೊಸ ಶಿಷ್ಯ. ಮದುವೆ ಫೋಟೊ ತೆಗೆದು ನಾಲ್ಕು ತಾಲೂಕಿನಲ್ಲಿ ಹೆಸರು ಮಾಡಿದವನು. ಅವನ ಚೀಲ ಬಿಚ್ಚಿದರೆ ಅಂಗಡಿ ಇಟ್ಟ ಹಾಗಿತ್ತು. ಏಳು ಲೆನ್ಸ್, ಮೂರು ಫ್ಲ್ಯಾಶ್, ಎರಡು ಟ್ರೈಪಾಡ್, ಡಬ್ಬಿ ತುಂಬ ಫಿಲ್ಟರ್. ಬೆಳಗ್ಗೆ ಎದ್ದರೆ ತನ್ನ ಮುಖ ತೊಳೆಯುವ ಮೊದಲು ಲೆನ್ಸುಗಳ ಮುಖ ಒರೆಸುತ್ತಿದ್ದ. ಉಳಿದ ಶಿಷ್ಯರು ಅವನ ಚೀಲದ ಸುತ್ತ ಕುಳಿತು ಆಸೆಯಿಂದ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಹೊಳೆಯ ತಳ ಕಂಡಿತು. ಅಂಬಿಗರ ಹಿರಿಯ ಹುಲುಗಪ್ಪ ಪಂಪಕ್ಕನ ಹಜಾರಕ್ಕೆ ಬಂದ.

ಹೊಳೆಯ ನಡುವೆ ಎರಡು ಬಂಡೆಗಳ ಸಂದಿಯಲ್ಲಿ ಒಂದು ಕಲ್ಲು ಇದೆ ಎಂದ. ನೀರು ಪೂರಾ ಇಳಿದಾಗ ಮಾತ್ರ ಕಾಣುತ್ತದೆ. ಹತ್ತೊಂಬತ್ತು ವರ್ಷದ ನಂತರ ಈಗ ಕಂಡಿದೆ. ನಾಲ್ಕನೆಯ ದಿನ ಬೆಳಗ್ಗೆ ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಮತ್ತೆ ಮುಳುಗುತ್ತದೆ.

ಊರಿನವರು ಅದನ್ನು ಪಾಳೇಗಾರನ ಕಲ್ಲು ಅನ್ನುತ್ತಿದ್ದರು. ಅಂಬಿಗರು ತಮ್ಮ ಹಿರಿಯನ ಕಲ್ಲು ಎಂದು ನಂಬಿ ದಂಡೆಯಿಂದಲೇ ಅದಕ್ಕೆ ಕಾಯಿ ಒಡೆಯುತ್ತಿದ್ದರು. ಅದರ ಮೇಲಿನ ಅಕ್ಷರ ಸವೆದು ಹೋಗಿದ್ದರಿಂದ ಯಾರ ಮಾತು ನಿಜ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಟ್ಟು ಹಾಕುವವರಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ ಎಂದು ಊರ ಕಟ್ಟೆಯಲ್ಲಿ ಯಾರೋ ನಕ್ಕಿದ್ದರಂತೆ. ಹುಲುಗಪ್ಪನಿಗೆ ಆ ನಗು ಇನ್ನೂ ಚುಚ್ಚುತ್ತಿತ್ತು.

“ಒಂದು ಹೆಸರು ಗೊತ್ತಾದ್ರ ಸಾಕ್ರಿ ಅಕ್ಕಾರ,” ಎಂದ. “ಯಾರಿಗೆ ಕೈ ಮುಗೀತೀವಿ ಅಂತ ಗೊತ್ತಿಲ್ದ ಮುಗೀತಿದೀವಿ.”

ಪಂಪಕ್ಕ ಕೊಟ್ರೇಶಿಯ ಕಡೆ ನೋಡಿದರು. ಅವನು ಒಬ್ಬನೇ ಹೋಗುವ ಮೊದಲ ಕೆಲಸ ಅದು.

ಕೊಟ್ರೇಶಿ ಇಡೀ ಚೀಲವನ್ನು ಕಂಬಳಿಯ ಮೇಲೆ ಹರವಿದ. ಪಂಪಕ್ಕ ಒಂದೊಂದನ್ನೇ ಮುಟ್ಟಿ ಕೇಳಿದರು. ಪ್ರತಿಯೊಂದಕ್ಕೂ ಅವನು ಕಲ್ಲಿಗ್ರಿ, ಕಲ್ಲಿಗ್ರಿ ಎನ್ನುತ್ತ ಹೋದ. ಕೊನೆಗೆ ಕೊಡೆ ಬಂತು.

“ಇದು ನನಗ್ರಿ, ಬಿಸಿಲು ಭಾಳ ಐತಿ.”

“ಇದೊಂದಾದ್ರೂ ಖರೆ ಹೇಳಿದಿ,” ಎಂದು ಪಂಪಕ್ಕ ಕಳಿಸಿಕೊಟ್ಟರು.

ಹುಲುಗಪ್ಪನ ತೆಪ್ಪದಲ್ಲಿ ಮಡು ದಾಟಿ, ಬಂಡೆ ಹತ್ತಿ ಇಳಿದು, ಕೊಟ್ರೇಶಿ ಕಲ್ಲಿನ ಮುಂದೆ ನಿಂತ. ಎರಡೂ ಬದಿಗೆ ಆಳೆತ್ತರದ ಬಂಡೆ. ಬಿಸಿಲು ಒಂದು ಎಳೆಯೂ ಬೀಳುತ್ತಿರಲಿಲ್ಲ. ಅವನಿಗೆ ಅದೇನೂ ದೊಡ್ಡದೆನಿಸಲಿಲ್ಲ. ಅತಿ ಸೂಕ್ಷ್ಮದ ಲೆನ್ಸ್ ಹಾಕಿ, ಎದುರಿನಿಂದ ಫ್ಲ್ಯಾಶ್ ಹೊಡೆದು, ಇನ್ನೂರು ಫೋಟೊ ತೆಗೆದ.

ಹಜಾರದಲ್ಲಿ ಅವನ್ನು ದೊಡ್ಡ ಪರದೆಗೆ ಹಾಕಿದಾಗ ಎಲ್ಲರೂ ತಲೆದೂಗಿದರು. ಕಲ್ಲಿನ ಒಂದೊಂದು ಹರಳೂ ಕಾಣುತ್ತಿತ್ತು. ಅಕ್ಷರ ಮಾತ್ರ ಒಂದೂ ಇರಲಿಲ್ಲ.

ಕೊಟ್ರೇಶಿಯ ಮುಖ ಇಳಿಯಿತು. ಬಳ್ಳಾರಿಯ ಗೆಳೆಯನ ಹತ್ತಿರ ಇದಕ್ಕಿಂತ ಒಳ್ಳೆಯ ಲೆನ್ಸ್ ಇದೆ, ಬೆಳಗಿನ ಬಸ್ಸಿಗೆ ಹೋಗಿ ತರುತ್ತೇನೆ ಎಂದ.

“ನಾಳೆ ಬೆಳಿಗ್ಗೆ ಅಂಗಳದಾಗ ಕೂಡು,” ಎಂದರು ಪಂಪಕ್ಕ.

“ಅಕ್ಕೋರೆ, ಇನ್ನ ಎರಡ ದಿನ ಉಳಿದೈತ್ರಿ.”

“ಅದಕ್ಕೇ ಕೂಡು ಅಂದೆ.”

ಮರುದಿನ ಅಂಗಳ ಗುಡಿಸಿ ನೀರು ಹಾಕಿದ ಮೇಲೆ ಕೊಟ್ರೇಶಿ ಹೊಸ್ತಿಲ ಮೇಲೆ ಕುಳಿತ. ಆಗಷ್ಟೇ ಎದ್ದ ಸೂರ್ಯ ಗೋಡೆಯ ಸಂದಿನಿಂದ ನೆಲದ ಗುಂಟ ಬರುತ್ತಿದ್ದ. ಕಸಬರಿಗೆಯ ಗೆರೆಗಳು ಕಂಡವು. ಕೋಳಿಯ ಹೆಜ್ಜೆಗಳು ಕಂಡವು. ಇರುವೆ ಎತ್ತಿ ಹಾಕಿದ ಮಣ್ಣಿನ ಕಾಳಿಗೂ ಒಂದು ನೆರಳಿತ್ತು.

ಇದನ್ನು ನೋಡುತ್ತ ಕೂಡಲು ನಾನೇನು ಎಳೆ ಮಗುವೇ ಎಂದು ಅವನಿಗೆ ಒಳಗೊಳಗೇ ಸಿಟ್ಟು ಬಂತು. ಆದರೂ ಎದ್ದು ಹೋಗಲಿಲ್ಲ.

ನಡುನೆತ್ತಿಯ ಹೊತ್ತಿಗೆ ಪಂಪಕ್ಕ ಬಂದು ಪಕ್ಕದಲ್ಲಿ ನಿಂತರು. ಅಂಗಳ ಆಗ ಒರೆಸಿಟ್ಟ ಹಾಗೆ ಬೋಳಾಗಿತ್ತು.

“ಕೋಳಿ ಹೆಜ್ಜಿ ಎಲ್ಲಿ ಹೋದ್ವು?” ಎಂದು ಕೇಳಿದರು.

ಕೊಟ್ರೇಶಿ ಇಳಿದು ಹೋಗಿ ನೆಲದ ಮೇಲೆ ಬೆರಳಾಡಿಸಿದ. ಗೆರೆಗಳು ಬೆರಳಿಗೆ ತಗುಲಿದವು.

“ಇಲ್ಲೇ ಅದಾವ್ರಿ,” ಎಂದ. “ನೆರಳು ಹೋಗೈತಿ.”

ಪಂಪಕ್ಕ ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೆಯ ಫೋಟೊ ತಂದು ಅವನ ಕೈಗೆ ಕೊಟ್ಟರು. ಅದೇ ಕಲ್ಲು, ಅಷ್ಟೇ ಬೋಳು. ಹಿಂದಿನ ಸಲ ಹೊಳೆ ಬತ್ತಿದಾಗ ಆಕೆ ತಾನೇ ತೆಗೆದದ್ದು. ಎದುರಿನಿಂದ ಫ್ಲ್ಯಾಶ್ ಹೊಡೆದು ಕೆಟ್ಟೆ ಎಂದರು. ತಪ್ಪು ತಿಳಿದ ಮೇಲೆ ಓರೆಯ ಬಿಸಿಲಿಗಾಗಿ ಆ ಸಂದಿಯಲ್ಲಿ ಎರಡು ದಿನ ಕಾದಿದ್ದರು. ಬಿಸಿಲು ಅಲ್ಲಿಗೆ ಬರಲೇ ಇಲ್ಲ. ನೀರು ಬಂತು.

“ನನಗ ಗೊತ್ತಿರೂದು ಇಷ್ಟ,” ಎಂದರು. “ಇದರ ಮುಂದಿಂದು ನನಗೂ ಗೊತ್ತಿಲ್ಲ.”

ಕೊಟ್ರೇಶಿಗೆ ಹೆದರಿಕೆಯಾಯಿತು. ಗುರುವಿಗೆ ಗೊತ್ತಿಲ್ಲದ ಜಾಗ ಒಂದಿದೆ ಎಂದು ಅವನು ಎಣಿಸಿರಲಿಲ್ಲ. ಆ ಜಾಗಕ್ಕೆ ತನ್ನನ್ನು ಕಳಿಸುತ್ತಿದ್ದಾರೆ ಎಂದು ನೆನೆದಾಗ ಎದೆಯೂ ಸ್ವಲ್ಪ ಉಬ್ಬಿತು.

ಅಂದೇ ಮಧ್ಯಾಹ್ನ ಮತ್ತೆ ಹೊಳೆಗೆ ಓಡಿದ. ಈ ಸಲ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಕಲ್ಲಿನ ಮಗ್ಗುಲಿಗೆ ಇಟ್ಟ. ಕಲ್ಲಿಗೂ ಪಕ್ಕದ ಬಂಡೆಗೂ ನಡುವೆ ಒಂದು ತೋಳಿನಷ್ಟೂ ಜಾಗವಿರಲಿಲ್ಲ. ಅಷ್ಟು ಹತ್ತಿರದ ಬೆಳಕಿಗೆ ಕಲ್ಲಿನ ಒಂದು ಅಂಚು ಸುಟ್ಟ ಹಾಗೆ ಬೆಳ್ಳಗಾಯಿತು, ಇನ್ನೊಂದು ಅಂಚು ಕಪ್ಪಾಗಿಯೇ ಉಳಿಯಿತು. ನಡುವಿನಲ್ಲಿ ಮಾತ್ರ ಎರಡು ಅಕ್ಷರ ಕಂಡಂತಾಯಿತು.

ಕಲ್ಲಿನ ಎಡಕ್ಕೆ ಬಂಡೆಯಲ್ಲಿ ಒಂದು ಕಂಡಿ ಇತ್ತು. ಅದರಾಚೆ ನೀರು, ನೀರಿನಾಚೆ ಇಪ್ಪತ್ತು ಮಾರು ದೂರದಲ್ಲಿ ಬಿಸಿಲಿಗೆ ಮೈಯೊಡ್ಡಿದ ಒಂದು ಚಪ್ಪಟೆ ಬಂಡೆ. ಇಡೀ ಕಲ್ಲಿನ ಮೇಲೆ ಒಂದೇ ಸಮ ಓರೆಯಾಗಿ ಬೀಳಬೇಕಾದರೆ ಬೆಳಕು ಅಲ್ಲಿಂದ ಬರಬೇಕಿತ್ತು. ಫ್ಲ್ಯಾಶನ್ನು ಅಲ್ಲಿಟ್ಟೂ ನೋಡಿದ. ಅಷ್ಟು ದೂರ ಬರುವಷ್ಟರಲ್ಲಿ ಅದರ ಬೆಳಕು ಸತ್ತುಹೋಗುತ್ತಿತ್ತು.

ಸಂಜೆ ಸೋತ ಮುಖದಲ್ಲಿ ಅಂಬಿಗರ ಓಣಿಯಲ್ಲಿ ಬರುತ್ತಿದ್ದ. ಹುಲುಗಪ್ಪನ ಮನೆಯ ಬಾಗಿಲು ತೆರೆದಿತ್ತು. ಇಳಿಬಿಸಿಲು ಒಳಗೆ ಹೋಗಿ, ಬೀರುವಿನ ಕನ್ನಡಿಗೆ ಬಡಿದು, ಹೊರಳಿ ಬಂದು ಓಣಿಯ ಎದುರುಗೋಡೆಯನ್ನು ಸವರಿಕೊಂಡು ಹೋಗಿತ್ತು. ಸುಣ್ಣ ಬಳಿದ ಆ ಗೋಡೆಯ ಮೇಲೆ ಕುಂಚದ ಒಂದೊಂದು ಎಳೆಯೂ ಎದ್ದು ನಿಂತಿತ್ತು.

ಕೊಟ್ರೇಶಿ ಚೀಲವನ್ನು ಓಣಿಯಲ್ಲೇ ಇಳಿಸಿದ. ಆ ಚೀಲವನ್ನು ಅವನು ನೆಲಕ್ಕೆ ಇಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಬೀರು ಹುಲುಗಪ್ಪನ ಸೊಸೆ ಗಾಳೆಮ್ಮನದು, ತವರಿನವರು ಕೊಟ್ಟದ್ದು. ಮಾವ ಕೇಳಿದ ತಕ್ಷಣ ಕೊಡುವಂಥ ಸಾಮಾನಲ್ಲ. ಕನ್ನಡಿ ಬಿಚ್ಚಬೇಕು, ತೆಪ್ಪದಲ್ಲಿ ಒಯ್ಯಬೇಕು, ಬಂಡೆಯ ಮೇಲೆ ನಿಲ್ಲಿಸಬೇಕು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ನಮ್ಮ ಹಿರಿಯನ ಹೆಸರು ಖಂಡಿತ ಸಿಗುತ್ತದೇನು ಎಂದು ಕೇಳಿದಳು.

ಸಿಕ್ಕೇ ಸಿಗುತ್ತದೆ ಎಂದು ಹೇಳಲು ಕೊಟ್ರೇಶಿಗೆ ಬಾಯಿ ಬರಲಿಲ್ಲ. ಎರಡು ಅಕ್ಷರ ಕಂಡಿವೆ ಎಂದು ಇದ್ದದ್ದನ್ನು ಹೇಳಿದ.

“ಹಂಗಾದ್ರ ಕನ್ನಡಿ ನಾನ ಹಿಡೀತೀನಿ ಅಣ್ಣಾ,” ಎಂದಳು ಗಾಳೆಮ್ಮ. “ಬ್ಯಾರೇದವರ ಕೈಯಾಗ ಕೊಡಂಗಿಲ್ಲ.”

ಮೂರನೆಯ ದಿನ ಬೆಳಗ್ಗೆ ಕೊಟ್ರೇಶಿ ಕಂಬಳಿ ಹಾಸಿದ. ಒಂದು ಕ್ಯಾಮೆರಾ, ಒಂದು ಸಾದಾ ಲೆನ್ಸ್, ಒಂದು ಟ್ರೈಪಾಡ್, ಹೆಚ್ಚಿಗೆ ಒಂದು ಬ್ಯಾಟರಿ. ಪಕ್ಕದಲ್ಲಿ ಕೌದಿಯಲ್ಲಿ ಸುತ್ತಿದ ಆಳುದ್ದದ ಕನ್ನಡಿ.

ಪಂಪಕ್ಕ ಕೌದಿ ಸರಿಸಿ ನೋಡಿದರು. ತನಗೆ ಇದು ಹತ್ತೊಂಬತ್ತು ವರ್ಷ ಹೊಳೆಯಲಿಲ್ಲವಲ್ಲ ಎಂದು ಒಂದು ಗಳಿಗೆ ನೋವಾಯಿತು. ಮರುಗಳಿಗೆಗೆ ಆ ನೋವು ಹೋಗಿ, ಇವನು ನನ್ನ ಶಿಷ್ಯ ಎಂಬ ಹೆಮ್ಮೆ ತುಂಬಿಕೊಂಡಿತು. ಅಂದು ಅವರು ಯಾವುದನ್ನೂ ಮುಟ್ಟಲಿಲ್ಲ, ಏನನ್ನೂ ಕೇಳಲಿಲ್ಲ.

ಗಾಳೆಮ್ಮ ಚಪ್ಪಟೆ ಬಂಡೆಯ ಮೇಲೆ ಸೆರಗು ಸಿಕ್ಕಿಸಿ ನಿಂತಳು. ಕೊಟ್ರೇಶಿ ಕೈಸನ್ನೆ ಮಾಡಿದಂತೆ ಕನ್ನಡಿಯನ್ನು ಹೊರಳಿಸಿದಳು. ಬೆಳಕು ನೀರಿನ ಮೇಲೆ ಹಾದು, ಬಂಡೆಗೆ ತಾಗಿ, ಜಾರಿ, ಕೊನೆಗೆ ಕಂಡಿಯೊಳಗೆ ನುಗ್ಗಿ ಕಲ್ಲನ್ನು ಓರೆಯಾಗಿ ಸವರಿತು.

ಹೆಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ ಅಕ್ಷರಗಳು ಕಲ್ಲಿನಿಂದ ಎದ್ದವು. ಐದು ಸಾಲು.

ಹುಲುಗಪ್ಪನಿಗೆ ಓದು ಬಾರದು. ಆದರೂ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಕೊಟ್ರೇಶಿ ಹನ್ನೆರಡು ಫೋಟೊ ತೆಗೆದು ಸಾಕು ಎಂದ. ಗಾಳೆಮ್ಮ ಮಾತ್ರ ತೋಳು ನಡುಗುವವರೆಗೂ ಕನ್ನಡಿ ಇಳಿಸಲಿಲ್ಲ. ಇನ್ನೊಂದು ತೆಗೆ, ಇನ್ನೊಂದು ತೆಗೆ ಎಂದು ಆಚೆಯಿಂದ ಕೂಗುತ್ತಿದ್ದಳು.

ಮಧ್ಯಾಹ್ನ ಹಜಾರದಲ್ಲಿ ಪಂಪಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಹಳಗನ್ನಡವನ್ನು ಬಿಡಿಸಿದರು. ನಾಲ್ಕು ಸಾಲಾದ ಮೇಲೆ ಹುಲುಗಪ್ಪನ ಕಡೆ ತಿರುಗಿದರು.

“ಅಂಬಿಗರ ಮಾಚ,” ಎಂದರು. “ಹೊಳಿ ತುಂಬಿ ಬಂದ ದಿನ ಹದಿನೇಳು ಜನರನ್ನ ದಡಕ್ಕ ಮುಟ್ಟಿಸಿದ. ತಾನು ಮುಟ್ಟಲಿಲ್ಲ. ಊರವರು ಕೂಡಿ ಈ ಕಲ್ಲು ನಿಲ್ಲಿಸ್ಯಾರ.”

ಹುಲುಗಪ್ಪ ನೆಲಕ್ಕೆ ಕುಳಿತ. ಮಾಚ, ಮಾಚ ಎಂದು ಎರಡು ಸಲ ತನಗೆ ತಾನೇ ಹೇಳಿಕೊಂಡ. ಗಾಳೆಮ್ಮ ಕಣ್ಣೊರೆಸಿಕೊಂಡು, ಊರವರೇ ನಿಲ್ಲಿಸಿದ್ದಂತೆ ಮಾವ, ನಾಳೆ ಕಟ್ಟೆಯಲ್ಲಿ ಗಟ್ಟಿಯಾಗಿ ಹೇಳು ಎಂದಳು. ಹುಲುಗಪ್ಪ ಎದ್ದು ರುಮಾಲನ್ನು ಮೊದಲಿಗಿಂತ ಎತ್ತರಕ್ಕೆ ಸುತ್ತಿಕೊಂಡ.

ಈ ಫೋಟೊ ದೊಡ್ಡದು ಮಾಡಿಸಿ ಕಟ್ಟೆಯ ಎದುರಿನ ಗೋಡೆಗೆ ಹಾಕಬೇಕು ಎಂದ. ತೆಗೆದದ್ದು ಯಾರು ಎಂದು ಅದರ ಕೆಳಗೆ ಬರೆದಿರಬೇಕು ಎಂದೂ ಹೇಳಿದ.

ಕೊಟ್ರೇಶಿ ಕಂಪ್ಯೂಟರಿನ ಮುಂದೆ ಕುಳಿತು ಫೋಟೊದ ಕೆಳಗೆ ಬರೆದ. ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಬೆಳಕು, ಎಷ್ಟು ಹೊತ್ತು. ಫೋಟೊದವರ ರೂಢಿ ಅದು, ಕೈ ತಾನೇ ಬರೆಯುತ್ತದೆ.

ಪಂಪಕ್ಕ ಓದಿದರು. ನಿನ್ನ ಹೆಸರು ಎಲ್ಲಿ ಎಂದು ಕೇಳಿದರು.

ಕೊಟ್ರೇಶಿ ತಲೆ ತಗ್ಗಿಸಿದ. ಮೂರು ದಿನದಲ್ಲಿ ಅವನ ಜಂಬವೆಲ್ಲ ಇಳಿದಿತ್ತು.

“ನಂದೇನೈತ್ರಿ ಅಕ್ಕೋರೆ,” ಎಂದ. “ಪಾಠ ನಿಮ್ಮದು, ಕನ್ನಡಿ ಗಾಳೆಮ್ಮಂದು, ಬೆಳಕು ಸೂರ್ಯಂದು. ಲೆನ್ಸ್ ಒಂದು ಚಲೋ ಇತ್ತು, ಅಷ್ಟ.”

ಬೇರೆ ಗುರುವಾಗಿದ್ದರೆ ಇಂಥ ವಿನಯಕ್ಕೆ ಬೆನ್ನು ತಟ್ಟುತ್ತಿದ್ದರು. ಪಂಪಕ್ಕನಿಗೆ ಸಿಟ್ಟು ಬಂತು.

ಅವರು ಪರದೆಯ ಮೇಲೆ ಕಲ್ಲಿನ ಬುಡವನ್ನು ದೊಡ್ಡದು ಮಾಡಿದರು. ಅಲ್ಲಿ ತಾವು ಓದದೆ ಬಿಟ್ಟಿದ್ದ ಐದನೆಯ ಸಾಲಿತ್ತು.

“ಓದು,” ಎಂದರು.

ಕೊಟ್ರೇಶಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. “ಕಂಡರಿಸಿದಂ… ಕಾಳೋಜಂ.”

“ಯಾರು ಅವ?”

“ಕಲ್ಲು ಕೆತ್ತಿದವ್ರಿ. ಕೆತ್ತಿದವನು ಕಾಳೋಜ ಅಂತ ಬರ್ದೈತಿ.”

“ಆ ಕಾಳೋಜನ ಹತ್ರಾನೂ ಚಲೋ ಉಳಿ ಇದ್ವು, ಚಲೋ ಸುತ್ತಿಗಿ ಇತ್ತು,” ಎಂದರು ಪಂಪಕ್ಕ. “ಅವುಗಳ ಹೆಸರು ಎಲ್ಲಿ ಬರ್ದಾನ, ತೋರಿಸು.”