ಹಾಡುವ ಲಾರಿಗೆ ತಂತಿ ಎಳೆದವನು

“ಕೇಳಿರಪ್ಪೋ ಕೇಳಿ! ಕಂಚಿನಕೋಟೆಯ ಗಜವೀರರಾಯರ ಅಪ್ಪಣೆ ಕೇಳಿ! ರಾಜಕುಮಾರಿ ಇಂದುಲೇಖೆಯ ಹಾಡುವ ಲಾರಿಗೆ ಹೊಸದಾಗಿ ವೈರಿಂಗ್ ಆಗಬೇಕು. ಮಾಡುವವನು ಮೊದಲು ಅವಳ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ! ತಪ್ಪಿದವನ ತಲೆ ಹೊತ್ತು ಮುಳುಗುವುದರೊಳಗೆ ನೆಲಕ್ಕೆ!”

ಡಂಗುರದ ಸದ್ದಿಗೆ ಪೇಟೆಯೆಲ್ಲ ಬಾಗಿಲಿಗೆ ಬಂತು. ರಾಜಕುಮಾರಿ ಲಾರಿಯ ಮೇಲೆ ನಿಂತು ಹಾಡಿದರೆ ಆನೆಗಾತ್ರದ ಸ್ಪೀಕರುಗಳು ಹೊಳೆಯಾಚೆಗೂ ಕೇಳಿಸುತ್ತಿದ್ದವು. ಆದರೆ ಹೋದ ಸುಗ್ಗಿಯಲ್ಲಿ ಯಾರೋ ಹೇಗೆ ಬೇಕೋ ಹಾಗೆ ತಂತಿ ಎಳೆದು, ದಾರಿಯ ನಡುವೆ ಬೆಂಕಿ ಹೊತ್ತಿ, ಪಕ್ಕದಲ್ಲಿ ಕೂತಿದ್ದ ಅವಳ ಮುದಿ ವೀಣೆ ಗುರುವಿನ ಎರಡೂ ಕೈ ಸುಟ್ಟುಹೋಗಿದ್ದವು. ಅಂದಿನಿಂದ ಅವಳು ಹಾಡಿರಲಿಲ್ಲ. ತಿಳಿಯದವರು ಲಾರಿ ಮುಟ್ಟಬಾರದೆಂದು ಒಗಟು ಕಟ್ಟಿದವಳು ಅವಳು. ತಲೆಯ ಮಾತು ಸೇರಿಸಿದವನು ಸಿಟ್ಟಿನ ರಾಜ.

ಕೋಟೆಯ ಹೊರಗೆ ಬೇವಿನಮರದ ಕೆಳಗೆ ಲಾರಿಗಳ ಹಾರ್ನ್, ಬ್ಯಾಟರಿ ರಿಪೇರಿ ಮಾಡುತ್ತಿದ್ದ ಹೊನ್ನೂರ ಡಂಗುರ ಕೇಳಿ ಎದ್ದುನಿಂತ. ಅವನವ್ವ ಮರಿಯವ್ವ ತೋಳು ಹಿಡಿದಳು.

“ರಾಜರ ಸಹವಾಸ ನಮಗ್ಯಾಕೋ ಮಗನೇ?”

“ರಾಜರದ್ದಲ್ಲ ಕಣವ್ವಾ, ಲಾರಿ ಕೆಲಸ. ನನಗೆ ಗೊತ್ತಿರೋದು ಅದೊಂದೇ.”

ಅರಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಾರಿಯ ಮುಂದೆ ನೆರೆರಾಜ್ಯದ ಯುವರಾಜ ಮಕರಧ್ವಜ, ಆಸ್ಥಾನದ ಪಂಡಿತ ಇಬ್ಬರೂ ರೇಷ್ಮೆಯುಟ್ಟು ನಿಂತಿದ್ದರು. ಮಸಿ ಮೆತ್ತಿದ ಕೈಯ ಹೊನ್ನೂರನನ್ನು ಕಂಡು ಯುವರಾಜ ಮೂಗು ಮುಚ್ಚಿಕೊಂಡ.

ಇಂದುಲೇಖೆ ಅರಮನೆಯ ಮೆಟ್ಟಿಲ ಮೇಲೆ ನಿಂತು ಕೇಳಿದಳು: “ಶಕ್ತಿಯ ಮನೆಯ ಹೊಸ್ತಿಲಲ್ಲೇ ಒಬ್ಬ ಕಾವಲುಗಾರ. ಆಪತ್ತು ಬಂದರೆ ಕತ್ತಿ ಎತ್ತುವುದಿಲ್ಲ, ತಾನೇ ಸಾಯುತ್ತಾನೆ. ಅವನು ಸತ್ತದ್ದರಿಂದಲೇ ಮನೆ ಉಳಿಯುತ್ತದೆ. ಯಾರವನು?”

“ನನ್ನ ಸೇನಾಪತಿ!” ಎಂದು ಯುವರಾಜ ಎದೆಯುಬ್ಬಿಸಿದ.

ರಾಜಕುಮಾರಿ ತಲೆಯಾಡಿಸಿದಳು. ಭಟರು ಅವನ ಕೈಗೆ ಕೋಳ ಹಾಕಿದರು.

ಹೊನ್ನೂರ ಮುಂದೆ ಬಂದ. ಕೈಮುಗಿದು ಹೇಳಿದ: “ಫ್ಯೂಸ್, ಅಮ್ಮಣ್ಣಿಯವರೇ. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಅದನ್ನು ಹಾಕಬೇಕು. ಆಮೇಲೆ ಎಲ್ಲೇ ತಂತಿ ಉಜ್ಜಿ ಕಬ್ಬಿಣಕ್ಕೆ ತಗಲಲಿ, ಫ್ಯೂಸ್ ಸುಟ್ಟು ಲಾರಿ ಉಳಿಯುತ್ತೆ.”

“ಸರಿ!” ಎಂದವಳೇ ಅವಳು ಒಂದು ಮೆಟ್ಟಿಲು ಕೆಳಗಿಳಿದಳು. ಜನ ಹೋ ಎಂದರು.

“ಎರಡನೆಯದು. ಬರುವವನಿಗೆ ಎಷ್ಟುದ್ದದ ದಾರಿಯಾದರೂ ಆದೀತು. ವಾಪಸ್ಸು ಹೋಗುವವನಿಗೆ ಮಾತ್ರ ದಾರಿ ಗಿಡ್ಡವಿರಬೇಕು. ಅವನು ಬಣ್ಣದ ಚಾಪೆ ಒಲ್ಲ, ಬೆತ್ತಲೆ ನೆಲದ ಮೇಲಷ್ಟೇ ಕೂರುತ್ತಾನೆ. ಯಾರು?”

ಹೊನ್ನೂರ ಬಾಯಿ ತೆರೆಯುವಷ್ಟರಲ್ಲಿ ಪಂಡಿತ ಮುನ್ನುಗ್ಗಿದ. “ಸನ್ಯಾಸಿ! ಬಣ್ಣವನ್ನೆಲ್ಲ ಬಿಟ್ಟು ನೆಲದ ಮೇಲೆ ಕೂರುವವನು ಇನ್ಯಾರು?”

ಅವನಿಗೂ ಕೋಳ ಬಿತ್ತು.

“ಅದು ಅರ್ತ್ ವೈರ್,” ಎಂದ ಹೊನ್ನೂರ. “ಗಿಡ್ಡಕ್ಕೆ ಎಳೆದು, ಲಾರಿಯ ಚಾಸಿಯ, ಅಂದರೆ ಕಬ್ಬಿಣದ ಚೌಕಟ್ಟಿನ, ಮೇಲಿನ ಬಣ್ಣ ಕೆರೆದು, ಕಬ್ಬಿಣ ಫಳಫಳ ಹೊಳೆದ ಮೇಲೆ ಬೋಲ್ಟ್ ಬಿಗಿಯಬೇಕು. ಬಣ್ಣದ ಮೇಲೆ ಕೂರಿಸಿದರೆ ಕರೆಂಟಿಗೆ ವಾಪಸ್ಸು ದಾರಿ ಸಿಗಲ್ಲ.”

ಮತ್ತೊಂದು ಮೆಟ್ಟಿಲು. ಈಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ಕೊನೆಯದು. ಒಬ್ಬ ಜಟ್ಟಿ, ಒಬ್ಬಳು ಪಿಸುಮಾತಿನ ಹುಡುಗಿ. ಇಬ್ಬರೂ ಹೊರಟದ್ದು ಒಂದೇ ಮನೆಗೆ. ಜೊತೆಜೊತೆಗೆ ನಡೆದರೆ ಆ ಮನೆಯೊಡತಿ ಹಾಡು ಬಿಟ್ಟು ಗೋಳಿಡುತ್ತಾಳೆ. ಯಾರವರು? ಅವರನ್ನು ಹೇಗೆ ಕರೆದೊಯ್ಯುವೆ?”

ಹೊನ್ನೂರ ಒಗಟನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಜಟ್ಟಿ ಯಾರು, ಹುಡುಗಿ ಯಾರು? ತಲೆ ಕಡಿಯಲು ನಿಂತಿದ್ದ ಕಟುಕ ಕೊಡಲಿ ಒರೆಸುತ್ತಿದ್ದುದು ಓರೆಗಣ್ಣಿಗೆ ಬಿತ್ತು. ಗೋಳಿಡುತ್ತಾಳೆ... ಗೋಳು... ಥಟ್ಟನೆ ನೆನಪಾಯಿತು. ಒಮ್ಮೆ ಕಬ್ಬಿನ ಲಾರಿಯೊಂದಕ್ಕೆ ಹಾಡಿನ ಸೆಟ್ ಕೂರಿಸಿದ್ದಾಗ, ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರು ಕುಂಯ್ಯೋ ಎಂದು ಅತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಎಲ್ಲ ತಂತಿ ಕಿತ್ತು ಬೇರೆ ಬೇರೆ ದಾರಿಯಲ್ಲಿ ಎಳೆದಿದ್ದ.

“ಸಿಕ್ತು!” ಎಂದು ಕೂಗಿಯೇಬಿಟ್ಟ. “ಜಟ್ಟಿ ಅಂದರೆ ಬ್ಯಾಟರಿಯ ಕೆಂಪು ವೈರ್, ಹುಡುಗಿ ಹಾಡು ತರುವ ಸಣ್ಣ ವೈರ್, ಮನೆಯೊಡತಿ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್! ಜಟ್ಟಿಯನ್ನು ಲಾರಿಯ ಎಡಗಡೆಯಿಂದ, ಹುಡುಗಿಯನ್ನು ಬಲಗಡೆಯಿಂದ ಕರೆದೊಯ್ತೀನಿ. ಹತ್ತಿರ ಬಂದರೆ ಅವನ ಗಲಾಟೆ ಅವಳ ಮಾತಿನಲ್ಲಿ ಬೆರೆಯುತ್ತೆ!”

ಅಂಗಳವೇ ಎದ್ದು ಕುಣಿಯಿತು. ರಾಜನೂ ಸಿಂಹಾಸನ ಬಿಟ್ಟು ಬಂದ. “ಗೆದ್ದೆಯಪ್ಪಾ! ಇನ್ನೇನು ಬೇಕು, ಕೇಳು.”

“ಅವರಿಬ್ಬರ ತಲೆ ಉಳಿಸಿ, ಬುದ್ಧಿ. ಗೊತ್ತಿಲ್ಲದಿರೋದು ಸಾಯೋವಂಥ ತಪ್ಪಲ್ಲ.”

ರಾಜ ಗೊಣಗಿದ, ಆದರೆ ಕೋಳ ಬಿಚ್ಚಿಸಿದ. ಹೊನ್ನೂರ ಲಾರಿಯ ಕೆಳಗೆ ತೂರಿದ. ಸ್ಪ್ಯಾನರ್ ಎತ್ತಿಕೊಟ್ಟವಳು ರಾಜಕುಮಾರಿಯೇ. ಸಂಜೆಗೆ ಸ್ವಿಚ್ ಹಾಕಿ ಇಂಜಿನ್ ರೊಂಯ್ಯನೆ ಏರಿಸಿದರು. ಸ್ಪೀಕರಿನಲ್ಲಿ ಒಂದು ಚೂರೂ ಗೋಳಿಲ್ಲ. ಇಂದುಲೇಖೆ ಮೈಕ್ ಹಿಡಿದು ಹಾಡಿದಳು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಗುರು ತಲೆದೂಗುತ್ತ ಕಣ್ಣೊರೆಸಿಕೊಂಡರು.

ಹಾಡು ಮುಗಿದ ಮೇಲೆ ಅವಳು ಹೊನ್ನೂರನ ಕಡೆ ತಿರುಗಿದಳು. “ಮದುವೆಯ ಮಾತು ಕೊಟ್ಟದ್ದು ಅಪ್ಪಾಜಿ. ಈಗ ನಾನು ಕೇಳ್ತಿದ್ದೀನಿ. ನಿನಗೆ ಒಪ್ಪಿಗೆಯೇ?”

ಮೈಕ್ ಆರಿಸುವುದು ಇಬ್ಬರಿಗೂ ಮರೆತುಹೋಗಿತ್ತು.

“ಒಪ್ಪಿಗೆ ಅಮ್ಮಣ್ಣೀ,” ಎಂಬ ಹೊನ್ನೂರನ ದನಿ ಕೋಟೆ ದಾಟಿ, ಹೊಲ ದಾಟಿ ಹೋಯಿತು. “ಒಂದು ಗಳಿಗೆ ಇರಿ, ಕೈ ತೊಳ್ಕೊಂಡು ಬರ್ತೀನಿ.”

ಹೊಳೆಯಾಚೆಯ ಊರುಗಳಿಂದ ಜನರ ಕೇಕೆ ತಿರುಗಿ ಕೇಳಿಬಂತು.